ಹ್ಯಾರಿ ನೈಕ್ವಿಸ್ಟ್

ಹ್ಯಾರಿ ನೈಕ್ವಿಸ್ಟ್ (ಫೆಬ್ರವರಿ 7, 1889 – ಏಪ್ರಿಲ್ 4, 1976) ಸ್ವೀಡನ್‌ನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವಿದ್ಯುತ್ ಇಂಜಿನಿಯರ್ ಮತ್ತು ಭೌತವಿಜ್ಞಾನಿ. ಫೀಡ್‌ಬ್ಯಾಕ್ ಹೊಂದಿರುವ ವ್ಯವಸ್ಥೆಯ ಸ್ಥಿರತೆಯನ್ನು ನಿರ್ಣಯಿಸಲು 1932ರಲ್ಲಿ ಅವರು ರೂಪಿಸಿದ ನಿಯಮವು ನಿಯಂತ್ರಣ ವ್ಯವಸ್ಥೆಗಳ ಶಾಸ್ತ್ರದ ತಳಹದಿಗಳಲ್ಲಿ ಒಂದು. ಅವರ ಹೆಸರಿನಲ್ಲಿ 138 ಅಮೆರಿಕನ್ ಪೇಟೆಂಟ್‌ಗಳಿದ್ದರೂ ಪ್ರಕಟಿತ ತಾಂತ್ರಿಕ ಲೇಖನಗಳು 12ರಷ್ಟು ಮಾತ್ರ.

ಜೀವನ

ಸ್ವೀಡನ್‌ನ ವರ್ಮ್‌ಲ್ಯಾಂಡ್ ಪ್ರಾಂತ್ಯದ ನಿಲ್ಸ್‌ಬಿ ಎಂಬ ಹಳ್ಳಿಯಲ್ಲಿ ಜನಿಸಿದ ನೈಕ್ವಿಸ್ಟ್ 1907ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ನಾರ್ತ್ ಡಕೋಟ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿಗಳನ್ನು, 1917ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಎಟಿ&ಟಿ ದೂರವಾಣಿ ಸಂಸ್ಥೆಯನ್ನು ಸೇರಿ, ಅವರ ವಿಭಾಗವು 1934ರಲ್ಲಿ ಬೆಲ್ ಪ್ರಯೋಗಾಲಯದೊಂದಿಗೆ ವಿಲೀನವಾದ ಮೇಲೆ ಅಲ್ಲಿಯೇ ಮುಂದುವರಿದು 1954ರಲ್ಲಿ ನಿವೃತ್ತರಾದರು.

ಸ್ಥಿರತೆಯ ನಿಯಮ

ದೂರದ ಊರುಗಳ ನಡುವಿನ ದೂರವಾಣಿ ತಂತಿಗಳಲ್ಲಿ ಧ್ವನಿಯು ಕ್ಷೀಣಿಸದಂತೆ ದಾರಿಯುದ್ದಕ್ಕೂ ವರ್ಧಕಗಳನ್ನು ಅಳವಡಿಸಬೇಕಿತ್ತು. ಪ್ರತಿಯೊಂದು ವರ್ಧಕವೂ ಧ್ವನಿಯನ್ನು ಅಷ್ಟಿಷ್ಟು ವಿರೂಪಗೊಳಿಸುತ್ತಿತ್ತು. ಇದಕ್ಕೆ ಪರಿಹಾರವಾಗಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಋಣ ಫೀಡ್‌ಬ್ಯಾಕ್ ವರ್ಧಕವನ್ನು ಕಲ್ಪಿಸಿದರು. ವರ್ಧಕದಿಂದ ಹೊರಬಂದ ಸಂಕೇತದ ಒಂದಂಶವನ್ನು ವಿರುದ್ಧ ದಿಕ್ಕಿನಲ್ಲಿ ಒಳಕ್ಕೆ ಮರಳಿಸಿದರೆ ವಿರೂಪವು ತಗ್ಗುತ್ತದೆ. ಆದರೆ ಮರಳಿದ ಸಂಕೇತವು ಕೆಲವು ಆವೃತ್ತಿಗಳಲ್ಲಿ ಮೂಲ ಸಂಕೇತದೊಂದಿಗೆ ಕೂಡಿಕೊಂಡು ವರ್ಧಕವೇ ತನ್ನಷ್ಟಕ್ಕೆ ಶಿಳ್ಳೆ ಹಾಕತೊಡಗುವ ಅಪಾಯವಿತ್ತು. ಮರಳಿ ಬಂದ ಸಂಕೇತವು ಮೂಲಕ್ಕಿಂತ ದೊಡ್ಡದಾಗಿದ್ದು ಅದಕ್ಕೆ ತಾಳ ಹೊಂದಿದ್ದರೆ ಆಂದೋಲನ ಅನಿವಾರ್ಯವೆಂಬುದು ಆಗಿನ ನಂಬಿಕೆ. ಆದರೂ ಅಂತಹ ಕೆಲವು ವರ್ಧಕಗಳು ಪ್ರಯೋಗದಲ್ಲಿ ಶಾಂತವಾಗಿಯೇ ಇರುತ್ತಿದ್ದವು.

ಈ ಒಗಟನ್ನು ನೈಕ್ವಿಸ್ಟ್ ಜನವರಿ 1932ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಬಿಡಿಸಿದರು. ಫೀಡ್‌ಬ್ಯಾಕ್ ಕುಣಿಕೆಯನ್ನು ಒಂದೆಡೆ ಬಿಡಿಸಿ, ಪ್ರತಿ ಆವೃತ್ತಿಯಲ್ಲೂ ಮರಳುವ ಸಂಕೇತದ ಅಳತೆಯನ್ನು ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಗುರುತಿಸಿದರೆ ಒಂದು ವಕ್ರರೇಖೆ ದೊರೆಯುತ್ತದೆ. ಬಿಡಿಸಿದ ಕುಣಿಕೆಯು ತಾನಾಗಿ ಸ್ಥಿರವಾಗಿರುವಾಗ, ಆ ರೇಖೆಯು ನಿರ್ದಿಷ್ಟ ಬಿಂದುವೊಂದನ್ನು ಸುತ್ತುವರಿಯದಿದ್ದರೆ ಪೂರ್ಣ ವ್ಯವಸ್ಥೆಯೂ ಸ್ಥಿರ. ಇಂದಿನ ಪಠ್ಯಪುಸ್ತಕಗಳಲ್ಲಿ ಆ ಬಿಂದು –1. ಮೂಲ ಲೇಖನದಲ್ಲಿ ಚಿಹ್ನೆಯ ರೂಢಿ ಬೇರೆಯಾಗಿದ್ದುದರಿಂದ ಅದು +1.

ಅದಕ್ಕೂ ಮೊದಲು ಬಳಕೆಯಲ್ಲಿದ್ದ ರೌತ್ ಮತ್ತು ಹರ್ವಿಟ್ಜ್ ಅವರ ವಿಧಾನಕ್ಕೆ ವ್ಯವಸ್ಥೆಯ ಸಮೀಕರಣವು ತಿಳಿದಿರಬೇಕಿತ್ತು. ನೈಕ್ವಿಸ್ಟ್ ವಿಧಾನಕ್ಕೆ ಪ್ರಯೋಗಶಾಲೆಯ ಅಳತೆಗಳೇ ಸಾಕಾದವು. ವರ್ಧಕಗಳಿಗಾಗಿ ಹುಟ್ಟಿದ ನಿಯಮವು ಎರಡನೇ ಮಹಾಯುದ್ಧದ ಹೊತ್ತಿಗೆ ಫಿರಂಗಿಗಳನ್ನು ಗುರಿಯತ್ತ ತಿರುಗಿಸುವ ಯಂತ್ರಗಳ ವಿನ್ಯಾಸವನ್ನು ಪ್ರವೇಶಿಸಲು ಇದೇ ಮುಖ್ಯ ಕಾರಣ. ಹೆಂಡ್ರಿಕ್ ಬೋಡೆ ಇದೇ ಹಾದಿಯಲ್ಲಿ ಮುಂದುವರಿದು, ಅಸ್ಥಿರತೆಯಿಂದ ವ್ಯವಸ್ಥೆಯು ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆಯುವ ಕ್ರಮವನ್ನು ಬೆಳೆಸಿದರು.

ಇತರ ಸಂಶೋಧನೆಗಳು

ಜಾನ್ ಜಾನ್ಸನ್ ವಿದ್ಯುತ್ ರೋಧಗಳಲ್ಲಿ ಅಳೆದಿದ್ದ ಉಷ್ಣ ಗದ್ದಲಕ್ಕೆ ನೈಕ್ವಿಸ್ಟ್ 1928ರಲ್ಲಿ ಸೈದ್ಧಾಂತಿಕ ವಿವರಣೆ ನೀಡಿದರು. ಟೆಲಿಗ್ರಾಫ್ ಸಂಕೇತಗಳ ವೇಗವನ್ನು ಕುರಿತ 1924 ಮತ್ತು 1928ರ ಲೇಖನಗಳನ್ನು ಕ್ಲಾಡ್ ಶಾನನ್ 1948ರ ತಮ್ಮ ಮಾಹಿತಿ ಸಿದ್ಧಾಂತದ ಆರಂಭದಲ್ಲೇ ಆಧಾರವಾಗಿ ಸ್ಮರಿಸಿದ್ದಾರೆ.

ಉಲ್ಲೇಖ ಮತ್ತು ಪ್ರಭಾವ

ನೈಕ್ವಿಸ್ಟ್ ಅವರ ಪ್ರಭಾವವನ್ನು ಉಲ್ಲೇಖಗಳ ಎಣಿಕೆಯಿಂದ ಮಾತ್ರ ಅಳೆಯುವುದು ಕಷ್ಟ. ಅವರ ಹೆಸರು ಪಾರಿಭಾಷಿಕ ಪದವೇ ಆಗಿಬಿಟ್ಟಿದೆ. ನೈಕ್ವಿಸ್ಟ್ ರೇಖಾಚಿತ್ರವನ್ನು ಬರೆಯುವ ಇಂಜಿನಿಯರ್ ಸಾಮಾನ್ಯವಾಗಿ 1932ರ ಲೇಖನವನ್ನು ಉಲ್ಲೇಖಿಸುವುದಿಲ್ಲ; ಬ್ಯಾಟರಿಗಳನ್ನು ಪರೀಕ್ಷಿಸುವ ವಿದ್ಯುದ್ರಸಾಯನ ತಜ್ಞರೂ ಪ್ರತಿಬಾಧೆಯ ಚಿತ್ರಕ್ಕೆ ಅದೇ ಹೆಸರನ್ನು ಬಳಸುತ್ತಾರೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಸಂಕೇತವೊಂದರ ಗರಿಷ್ಠ ಆವೃತ್ತಿಯ ಎರಡರಷ್ಟು ದರದಲ್ಲಿ ಮಾದರಿಗಳನ್ನು ತೆಗೆದುಕೊಳ್ಳಬೇಕೆಂಬ ಪ್ರಮೇಯವು ಅವರ ಹೆಸರಿನಿಂದ ಪ್ರಸಿದ್ಧವಾಗಿದ್ದರೂ ಅದನ್ನು ಸ್ಥಾಪಿಸಿದವರು ವಿಟೇಕರ್, ಕೋಟೆಲ್ನಿಕೋವ್ ಮತ್ತು ಶಾನನ್. ನೈಕ್ವಿಸ್ಟ್ ತೋರಿಸಿದ್ದು ನಿರ್ದಿಷ್ಟ ಆವೃತ್ತಿ ವ್ಯಾಪ್ತಿಯಲ್ಲಿ ಸೆಕೆಂಡಿಗೆ ಎಷ್ಟು ಸ್ಪಂದಗಳನ್ನು ಕಳುಹಿಸಬಹುದೆಂಬ ಸಂಬಂಧಿತ ಮಿತಿಯನ್ನು.

ಪುರಸ್ಕಾರಗಳು

1960ರಲ್ಲಿ ಅವರಿಗೆ ರೇಡಿಯೋ ಇಂಜಿನಿಯರುಗಳ ಸಂಸ್ಥೆಯ ಗೌರವ ಪದಕ ದೊರೆಯಿತು. ದೂರವಾಣಿ ಇಂಜಿನಿಯರ್ ಆಗಿಯೇ ವೃತ್ತಿ ಸವೆಸಿದ ಅವರಿಗೆ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘವು 1975ರಲ್ಲಿ ನಿಯಂತ್ರಣ ಶಾಸ್ತ್ರದ ಓಲ್ಡನ್‌ಬರ್ಗರ್ ಪದಕವನ್ನು ನೀಡಿತು. ಮರುವರ್ಷ ಟೆಕ್ಸಾಸ್‌ನ ಹಾರ್ಲಿಂಜನ್‌ನಲ್ಲಿ ನಿಧನರಾದರು.