ನಾಟಕಕರ್ತ್ರಿ ಸೂಸನ್ ಗ್ಲಾಸ್ಪೆಲ್

ಸಂಸಾರ ಗುಟ್ಟು, ರೋಗ ರಟ್ಟು ಎಂಬ ಗಾದೆಯನ್ನು ನಮ್ಮ ಹಿರಿಯರು ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಆ ಗುಟ್ಟನ್ನು ಕಾಯುವ ಭಾರವೆಲ್ಲ ಹೆಂಡತಿಯೊಬ್ಬಳ ಮೇಲೆಯೇ ಬಿದ್ದರೆ ಏನಾದೀತು ಎಂಬುದನ್ನು ಗಾದೆ ಕೇಳುವುದಿಲ್ಲ. ಅದನ್ನು ರಂಗದ ಮೇಲೆ ನಿಂತು ಕೇಳಿದವಳು ಅಮೆರಿಕದ ನಾಟಕಕರ್ತ್ರಿ ಸೂಸನ್ ಗ್ಲಾಸ್ಪೆಲ್. ಆಕೆಯ ಟ್ರೈಫಲ್ಸ್ ಎಂಬ ಏಕಾಂಕ ನಾಟಕದ ಹೆಸರಿಗೆ ಕ್ಷುಲ್ಲಕ ಸಂಗತಿಗಳು ಎಂದರ್ಥ. ಆ ನಾಟಕದ ಗೃಹಿಣಿಯನ್ನು ಅರಿಯಬೇಕಾದರೆ ಗ್ಲಾಸ್ಪೆಲ್‌ಳ ಬಾಳಿನತ್ತ ನೋಡುವುದು ಅವಶ್ಯ.

ಸೂಸನ್ 1876ರಲ್ಲಿ ಅಯೋವಾ ಸಂಸ್ಥಾನದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಜನಿಸಿದಳು. ಮಿಸಿಸಿಪಿ ನದಿಯ ದಂಡೆಯ ಊರು ಅದು; ಸುತ್ತಲೂ ಒಕ್ಕಲುತನದ ಸೀಮೆ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಆಕೆ ಡ್ರೇಕ್ ವಿಶ್ವವಿದ್ಯಾನಿಲಯದಲ್ಲಿ ಓದಿ 1899ರಲ್ಲಿ ಪದವೀಧರೆಯಾದಳು. ಕೂಡಲೇ ಡೆ ಮಾಯ್ನ್ ನಗರದ ದಿನಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿ ಸೇರಿದಳು.

1900ರ ಡಿಸೆಂಬರಿನಲ್ಲಿ ಇಂಡಿಯಾನೋಲಾ ಪಟ್ಟಣದ ಸಮೀಪದ ಹಳ್ಳಿಗಾಡಿನಲ್ಲಿ ಜಾನ್ ಹೊಸ್ಸಾಕ್ ಎಂಬ ಒಕ್ಕಲಿಗನು ಮಲಗಿದ್ದಲ್ಲಿಯೇ ಕೊಡಲಿಯ ಪೆಟ್ಟಿಗೆ ಗುರಿಯಾಗಿ ಅಸುನೀಗಿದನು. ಪಕ್ಕದಲ್ಲಿಯೇ ಮಲಗಿದ್ದ ಹೆಂಡತಿ ಮಾರ್ಗರೆಟ್ ತನಗೇನೂ ತಿಳಿಯದೆಂದಳು. ಆಕೆಯನ್ನೇ ಬಂಧಿಸಲಾಯಿತು. ಪತ್ರಿಕೆಯ ಪರವಾಗಿ ಸೂಸನ್ ಈ ಮೊಕದ್ದಮೆಯನ್ನು ಆದಿಯಿಂದ ವರದಿ ಮಾಡಿದಳು. ಗಂಡನ ಕಾಠಿಣ್ಯವನ್ನು ಆ ಹೆಂಗಸು ಒಂದೊಂದು ಸಲ ನೆರೆಹೊರೆಯವರ ಮುಂದೆ ತೋಡಿಕೊಂಡಿದ್ದಳು. ನ್ಯಾಯಾಲಯದಲ್ಲಿ ಆ ಮಾತುಗಳೇ ಆಕೆಗೆ ಉರುಳಾದವು. ಕಷ್ಟಪಟ್ಟವಳಾದ್ದರಿಂದ ಕೊಲ್ಲಲು ಕಾರಣವಿತ್ತು ಎಂದು ಸರಕಾರದ ವಕೀಲರು ವಾದಿಸಿದರು. ಬಾಯಿ ಮುಚ್ಚಿಕೊಂಡಿದ್ದರೆ ನೋವು, ಬಾಯಿ ಬಿಟ್ಟರೆ ಅಪರಾಧ! ನ್ಯಾಯದರ್ಶಿಗಳೆಲ್ಲರೂ ಗಂಡಸರೇ, ಅಲ್ಲಿ ಕೂರುವ ಹಕ್ಕು ಹೆಂಗಸರಿಗೆ ಆಗ ಇರಲಿಲ್ಲ. 1901ರಲ್ಲಿ ಅವರು ಆಕೆಯನ್ನು ದೋಷಿಯೆಂದರು. ಮರುವರ್ಷ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 1903ರ ಮರುವಿಚಾರಣೆಯಲ್ಲಿ ನ್ಯಾಯದರ್ಶಿಗಳು ಒಮ್ಮತಕ್ಕೆ ಬರಲಿಲ್ಲ. ಮಾರ್ಗರೆಟ್ ಬಿಡುಗಡೆ ಹೊಂದಿದಳು.

ಇಷ್ಟರಲ್ಲಿ ಸೂಸನ್ ಪತ್ರಿಕೆಯ ಕೆಲಸ ಬಿಟ್ಟು ಕಥೆ ಕಾದಂಬರಿಗಳಿಗೆ ಕೈಹಚ್ಚಿದ್ದಳು. 1913ರಲ್ಲಿ ಜಾರ್ಜ್ ಕ್ರಾಮ್ ಕುಕ್ ಎಂಬ ಸಾಹಿತಿಯನ್ನು ವರಿಸಿದಳು. ದಂಪತಿಗಳು ಸ್ನೇಹಿತರೊಡಗೂಡಿ 1915ರಲ್ಲಿ, ಮ್ಯಾಸಚೂಸೆಟ್ಸ್ ಕರಾವಳಿಯ ಪ್ರಾವಿನ್ಸ್‌ಟೌನಿನಲ್ಲಿ, ಮೀನುಗಾರರ ಹಳೆಯ ಕೊಠಡಿಯೊಂದನ್ನು ರಂಗಮಂದಿರವಾಗಿ ಮಾಡಿಕೊಂಡರು. ಮುಂದೆ ನೊಬೆಲ್ ಬಹುಮಾನ ಪಡೆದ ಯುಜೀನ್ ಓ'ನೀಲನ ನಾಟಕ ಮೊದಲು ರಂಗವೇರಿದ್ದು ಇಲ್ಲಿಯೇ, 1916ರಲ್ಲಿ. ಅದೇ ಬೇಸಗೆಯಲ್ಲಿ ಕುಕ್ ಹೆಂಡತಿಯನ್ನು ಕೇಳದೆಯೇ ಆಕೆಯದೊಂದು ಹೊಸ ನಾಟಕವಿದೆಯೆಂದು ಸಾರಿಬಿಟ್ಟನಂತೆ. ಆಕೆ ಬರಿದಾದ ರಂಗದ ಮುಂದೆ ಒಬ್ಬಳೇ ಹೋಗಿ ಕುಳಿತಳು. ನೋಡನೋಡುತ್ತಿದ್ದಂತೆ ಅದು ಅಡಿಗೆಮನೆಯಾಯಿತು. ಹದಿನೈದು ವರ್ಷಗಳ ಹಿಂದಿನ ಆ ಮೊಕದ್ದಮೆಯ ನೆನಪು ನಾಟಕವಾಗಿ ಇಳಿಯಿತು.

ಟ್ರೈಫಲ್ಸ್ ನಾಟಕದಲ್ಲಿ ಆರೋಪಿಯಾದ ಮಿನಿ ರೈಟ್ ರಂಗಕ್ಕೆ ಬರುವುದೇ ಇಲ್ಲ. ಆಕೆ ಸೆರೆಮನೆಯಲ್ಲಿದ್ದಾಳೆ. ವಕೀಲನೂ ಷೆರಿಫನೂ ಕೊಲೆಯ ಕಾರಣವನ್ನು ಹುಡುಕುತ್ತ ಮಾಳಿಗೆ, ಕೊಟ್ಟಿಗೆಗಳನ್ನು ತಡಕುತ್ತಾರೆ. ಅಡಿಗೆಮನೆಯಲ್ಲಿ ಏನಿದ್ದೀತೆಂದು ನಗುತ್ತಾರೆ. ಅಲ್ಲಿ ಉಳಿದ ಇಬ್ಬರು ಹೆಂಗಸರ ಕಣ್ಣಿಗೆ ಅರ್ಧ ಒರೆಸಿದ ಮೇಜು, ಚಳಿಗೆ ಒಡೆದ ಹಣ್ಣಿನ ಪಾಕದ ಜಾಡಿಗಳು, ನೆಟ್ಟಗೆ ಸಾಗಿದ್ದ ಹೊಲಿಗೆ ಥಟ್ಟನೆ ಅಡ್ಡಾದಿಡ್ಡಿಯಾದ ಕೌದಿ ಇವೆಲ್ಲ ಕಾಣುತ್ತವೆ. ಕೊನೆಗೆ ಮುರಿದ ಪಂಜರ. ಹೊಲಿಗೆಯ ಪೆಟ್ಟಿಗೆಯಲ್ಲಿ ರೇಶಿಮೆಯಲ್ಲಿ ಸುತ್ತಿಟ್ಟ, ಕತ್ತು ಹಿಚುಕಿ ಕೊಂದ ಹಾಡುಹಕ್ಕಿ. ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದ ಮಿನಿಯ ಬಾಳೆಲ್ಲವೂ ಆ ಪೆಟ್ಟಿಗೆಯಲ್ಲಿದೆ.

ಈ ನಾಟಕದಲ್ಲಿ ವಿಧೇಯಳಾದ ಹೆಂಡತಿ ಮಿನಿಯೊಬ್ಬಳೇ ಅಲ್ಲವೆಂಬುದು ನನ್ನ ಅಭಿಪ್ರಾಯ. ಷೆರಿಫನ ಹೆಂಡತಿ ಮಿಸೆಸ್ ಪೀಟರ್ಸ್ ಕೂಡ ಗಂಡನ ಮಾತು ಮೀರದವಳು. ಕಾನೂನು ಕಾನೂನೇ ಎಂದು ನಂಬಿದವಳು. ಆದರೆ ಬಾಲ್ಯದಲ್ಲಿ ಕಣ್ಣೆದುರಿಗೇ ಸತ್ತ ತನ್ನ ಬೆಕ್ಕಿನ ಮರಿ, ಹೊಸ ಸೀಮೆಯ ಒಂಟಿ ಮನೆಯಲ್ಲಿ ಕಳೆದುಕೊಂಡ ಮೊದಲ ಕೂಸು, ಇವು ಆಕೆಗೆ ಮಿನಿಯ ಮೌನವನ್ನು ಅರ್ಥಮಾಡಿಸುತ್ತವೆ. ಹಕ್ಕಿಯ ಪೆಟ್ಟಿಗೆಯನ್ನು ಬಚ್ಚಿಡಲು ಮೊದಲು ಕೈಯಿಡುವವಳು ಆಕೆಯೇ. ಅದು ಆಕೆಯ ಚೀಲದಲ್ಲಿ ಹಿಡಿಸದಾದಾಗ ನೆರೆಯವಳಾದ ಮಿಸೆಸ್ ಹೇಲ್ ತನ್ನ ಅಂಗಿಯ ಜೇಬಿಗೆ ಸೇರಿಸುತ್ತಾಳೆ. ಮಿಸೆಸ್ ಹೇಲ್‌ಳ ಪಶ್ಚಾತ್ತಾಪ ಬೇರೆ: ಇಷ್ಟು ವರ್ಷ ಆ ಮನೆಯ ಹೊಸ್ತಿಲು ತುಳಿಯದಿದ್ದದ್ದೇ ದೊಡ್ಡ ಅಪರಾಧವೆಂದು ಆಕೆ ಕೊರಗುತ್ತಾಳೆ. ಆ ಪಾತ್ರವನ್ನು ಮೊದಲ ಪ್ರಯೋಗದಲ್ಲಿ ಸ್ವತಃ ಸೂಸನ್ ಅಭಿನಯಿಸಿದಳು. ಸಾಕ್ಷ್ಯವನ್ನು ಅಡಗಿಸುವುದು ನ್ಯಾಯವೇ? ನಾಟಕಕರ್ತ್ರಿ ತೀರ್ಪು ಕೊಡುವುದಿಲ್ಲ. ನಮ್ಮನ್ನೇ ನ್ಯಾಯದರ್ಶಿಗಳನ್ನಾಗಿ ಕೂರಿಸುತ್ತಾಳೆ. ಕೊಲೆ ಕೊಲೆಯೇ ಸರಿ; ಆದರೆ ಸಹನೆಯನ್ನು ಹೊಗಳುತ್ತ ದೂರ ನಿಂತವರು ನಿರ್ದೋಷಿಗಳೇ?

ಇಂಥ ನಾಟಕ ಬರೆದವಳೂ ತನ್ನ ಬಾಳಿನಲ್ಲಿ ಗಂಡನ ಹಂಬಲವನ್ನೇ ಮುಂದಿಟ್ಟಳೆಂಬುದು ವಿಚಿತ್ರ. 1922ರಲ್ಲಿ ಕುಕ್ ನಾಟಕ ಮಂಡಲಿಯನ್ನು ತೊರೆದು ಗ್ರೀಸಿಗೆ ಹೊರಟಾಗ, ಕೀರ್ತಿಯ ಶಿಖರದಲ್ಲಿದ್ದ ಆಕೆಯೂ ಹಿಂಬಾಲಿಸಿದಳು. 1924ರಲ್ಲಿ ಆತ ಡೆಲ್ಫಿಯಲ್ಲಿ ತೀರಿಕೊಂಡನು. ಹಿಂದಿರುಗಿದ ಸೂಸನ್ 1927ರಲ್ಲಿ ಆತನ ಜೀವನ ಚರಿತ್ರೆಯನ್ನು ಪ್ರಕಟಿಸಿದಳು. 1931ರಲ್ಲಿ ಆಕೆಯ ಅಲಿಸನ್ಸ್ ಹೌಸ್ ನಾಟಕಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. 1948ರ ಜುಲೈನಲ್ಲಿ ಪ್ರಾವಿನ್ಸ್‌ಟೌನಿನಲ್ಲಿಯೇ ಆಕೆ ಕಣ್ಮುಚ್ಚಿದಳು. ಬಳಿಕ ಹಲವು ವರ್ಷ ಆಕೆಯ ಹೆಸರು ಓ'ನೀಲನ ನೆರಳಿನಲ್ಲಿ ಮರೆಯಾಗಿತ್ತು; 1970ರ ಅನಂತರ ಸ್ತ್ರೀವಾದಿ ವಿಮರ್ಶಕಿಯರು ಅದನ್ನು ಮತ್ತೆ ಬೆಳಕಿಗೆ ತಂದರು.

ನಮ್ಮಲ್ಲಿ ಎಷ್ಟೋ ಮಂದಿಯ ತಾಯಂದಿರು ಅಕ್ಷರ ಕಲಿತವರಲ್ಲ. ಅವರು ಬರೆದಿಟ್ಟದ್ದೇನೂ ಇಲ್ಲ, ಹೊಲಿದಿಟ್ಟ ಕೌದಿಗಳಿವೆ. ಪುಸ್ತಕ ಓದಲು ಕಲಿತ ನಾವು ಆ ಹೊಲಿಗೆಯನ್ನೂ ಓದಲು ಕಲಿತರೆ ಸೂಸನ್ ಗ್ಲಾಸ್ಪೆಲ್‌ಳ ಶ್ರಮ ಸಾರ್ಥಕವಾದೀತು.