ರಾಜಾ ತೋದರಮಲ್ಲ ಮತ್ತು ಹತ್ತು ವರ್ಷದ ಲೆಕ್ಕ

ಅಕ್ಬರ್–ಬೀರ್‌ಬಲ್ ಕಥೆ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಅದೇ ದರ್ಬಾರಿನ ತೋದರಮಲ್ಲನ ಹೆಸರು ಕೇಳಿದರೆ ಮಾತ್ರ ಎಲ್ಲರದೂ ಒಂದು ಅಂಕದ ಉತ್ತರ: ನವರತ್ನಗಳಲ್ಲಿ ಒಬ್ಬ, ಕಂದಾಯ ಮಂತ್ರಿ. ವಾಣಿಜ್ಯ ವಿಭಾಗದವರಾದ ನಮಗೆ ಬೀರ್‌ಬಲ್‌ಗಿಂತ ಇವನೇ ಹತ್ತಿರದವನು ಎಂದು ನನಗೆ ಅನ್ನಿಸುತ್ತದೆ. ಕ್ಯಾಲ್ಕುಲೇಟರ್, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ ಉತ್ತರ ಭಾರತದ ಹೊಲಗಳ ಅಳತೆ, ಇಳುವರಿ, ಧಾನ್ಯದ ಬೆಲೆ ಎಲ್ಲವನ್ನೂ ಕೂಡಿಹಾಕಿ, ಅದರ ಸರಾಸರಿ ತೆಗೆದು ತೆರಿಗೆ ನಿಗದಿ ಮಾಡಿದ ಏರ್ಪಾಡಿಗೆ ಇವನ ಹೆಸರು ಅಂಟಿಕೊಂಡಿದೆ. ಆ ಸರಾಸರಿ ಯಾರಿಗೆ ಅನುಕೂಲ ಮಾಡಿತು, ಯಾರಿಗೆ ಭಾರವಾಯಿತು ಎಂಬುದೂ ಇವನ ಜೀವನದ ಭಾಗವೇ.

ಇಂದಿನ ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಲಾಹರ್‌ಪುರ ಅವನ ಊರು ಎನ್ನುತ್ತಾರೆ. ಖತ್ರಿ ಮನೆತನ. ಬಡತನದಲ್ಲಿ ಬೆಳೆದು ಗುಮಾಸ್ತನಾಗಿ ಕೆಲಸ ಶುರು ಮಾಡಿದವನು. ಮೊದಲು ಸೇವೆ ಮಾಡಿದ್ದು ಅಕ್ಬರನ ಬಳಿ ಅಲ್ಲ, ಅಕ್ಬರನ ತಂದೆ ಹುಮಾಯೂನನನ್ನು ಓಡಿಸಿದ ಶೇರ್ ಷಾ ಸೂರಿಯ ಬಳಿ. ಝೇಲಂ ನದಿಯ ಹತ್ತಿರ ರೋಹ್ತಾಸ್ ಕೋಟೆ ಕಟ್ಟಿಸುವ ಉಸ್ತುವಾರಿ ಅವನಿಗೆ ಸಿಕ್ಕಿತು. ಅಲ್ಲಿನ ಗಖ್ಖರರು ಶೇರ್ ಷಾನ ವಿರೋಧಿಗಳು, ಕೂಲಿಗೆ ಯಾರೂ ಬರಲಿಲ್ಲ. ಆಗ ತೋದರಮಲ್ಲ ಒಂದು ಕಲ್ಲಿಗೆ ಒಂದು ಚಿನ್ನದ ಅಶ್ರಫಿ ಎಂದು ಸಾರಿದನಂತೆ. ಜನ ಮುಗಿಬಿದ್ದರು. ಬರುವವರು ಹೆಚ್ಚಾದಂತೆ ಕೂಲಿ ಇಳಿಯುತ್ತಾ ಹೋಗಿ ಕೊನೆಗೆ ಕೆಲವು ತಾಮ್ರದ ನಾಣ್ಯಕ್ಕೆ ಬಂತು ಎಂದು ಹಳೆಯ ಪರ್ಷಿಯನ್ ಇತಿಹಾಸಗಳು ಹೇಳುತ್ತವೆ. ಪೂರೈಕೆ ಮತ್ತು ಬೇಡಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯದಲ್ಲಿಲ್ಲ.

ಶೇರ್ ಷಾ ಬಹಳ ವರ್ಷ ಆಳಲಿಲ್ಲ, ಆದರೆ ಜಮೀನು ಅಳೆದು ತೆರಿಗೆ ಹಾಕುವ ಕ್ರಮವನ್ನು ಗಟ್ಟಿ ಮಾಡಿದ. ಉತ್ತಮ, ಮಧ್ಯಮ, ಕನಿಷ್ಠ ಎಂದು ಮೂರು ಬಗೆಯ ಭೂಮಿಯ ಇಳುವರಿ ಕೂಡಿ ಮೂರರಿಂದ ಭಾಗಿಸುವುದು, ಬಂದ ಸರಾಸರಿಯಲ್ಲಿ ಮೂರನೇ ಒಂದು ಪಾಲು ಸರಕಾರಕ್ಕೆ. ಅಕ್ಬರನ ಕಾಲದಲ್ಲೂ ಇದೇ ನಡೆಯಿತು. ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಗೋಧಿಯ ಲೆಕ್ಕ ಇದೆ. ಒಂದು ಬಿಘಾಕ್ಕೆ ಉತ್ತಮ ಭೂಮಿಯಲ್ಲಿ 18 ಮಣ, ಮಧ್ಯಮದಲ್ಲಿ 12 ಮಣ, ಕನಿಷ್ಠದಲ್ಲಿ 8 ಮಣ 35 ಸೇರು. ಒಟ್ಟು 38 ಮಣ 35 ಸೇರು. ಮಣಕ್ಕೆ 40 ಸೇರು ಎಂದು ಹಿಡಿದು ನಾನು ಮಾಡಿ ನೋಡಿದೆ: ಸರಾಸರಿ ಸುಮಾರು 12 ಮಣ 38 ಸೇರು, ಸರಕಾರದ ಪಾಲು 4 ಮಣ 12 ಮುಕ್ಕಾಲು ಸೇರು. ಪುಸ್ತಕದಲ್ಲೂ ಅಷ್ಟೇ ಇದೆ. ನಾಲ್ಕು ನೂರು ವರ್ಷಕ್ಕೂ ಹಳೆಯ ಲೆಕ್ಕ ತಾಳೆಯಾದಾಗ ಆಗುವ ಖುಷಿಯೇ ಬೇರೆ.

ಆದರೆ ಈ ಲೆಕ್ಕದಲ್ಲೇ ಒಂದು ತೊಡಕಿದೆ. ಕನಿಷ್ಠ ಭೂಮಿಯವನಿಗೆ ಬಿಘಾಕ್ಕೆ ಸಿಕ್ಕಿದ್ದೇ 8 ಮಣ 35 ಸೇರು. ಅದರಲ್ಲಿ 4 ಮಣ 12 ಮುಕ್ಕಾಲು ಸೇರು ಹೋದರೆ ಮೂರನೇ ಒಂದಲ್ಲ, ಹತ್ತಿರ ಹತ್ತಿರ ಅರ್ಧವೇ ಹೋಯಿತು. ಉತ್ತಮ ಭೂಮಿಯವನು ಕೊಟ್ಟಿದ್ದು ನಾಲ್ಕನೇ ಒಂದಕ್ಕಿಂತ ಕಡಿಮೆ. ಸರಾಸರಿ ಎಂಬುದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಎಲ್ಲರ ಹೊಲ ಒಂದೇ ಆಗಿರುವುದಿಲ್ಲ.

ಅಕ್ಬರನ ಸೇವೆಗೆ ಸೇರಿದ ಮೇಲೆ ತೋದರಮಲ್ಲ ಹಂತ ಹಂತವಾಗಿ ಮೇಲೇರಿದ. 1573ರಲ್ಲಿ ಗುಜರಾತ್ ಗೆದ್ದಾಗ ಅಲ್ಲಿನ ಕಂದಾಯ ಸರಿಪಡಿಸಲು ಅವನನ್ನೇ ಕಳಿಸಿದರು. 1575ರಲ್ಲಿ ತುಕರೋಯಿ ಯುದ್ಧದಲ್ಲಿ ಮೊಘಲ್ ಸೈನ್ಯ ಚದುರಿದಾಗಲೂ ಜಾಗ ಬಿಟ್ಟು ಕದಲಲಿಲ್ಲ. ಲೆಕ್ಕ ಬರೆಯುವವರು ಹೆದರುಪುಕ್ಕಲರು ಎಂದು ನಮ್ಮನ್ನು ಚುಡಾಯಿಸುವ ವಿಜ್ಞಾನ ವಿಭಾಗದ ಗೆಳೆಯರು ಇದನ್ನು ಗಮನಿಸಬೇಕು.

ಅದೇ ಸುಮಾರಿಗೆ, 1574–75ರಲ್ಲಿ, ಅಳತೆಯ ಸಾಧನವನ್ನೇ ಬದಲಾಯಿಸಿದರು. ಅಲ್ಲಿಯವರೆಗೆ ಹೊಲ ಅಳೆಯುತ್ತಿದ್ದದ್ದು ಸೆಣಬಿನ ಹಗ್ಗದಿಂದ. ಹಗ್ಗ ಮಂಜಿಗೆ ಒದ್ದೆಯಾದರೆ ಕುಗ್ಗುತ್ತದೆ, ಒಣಗಿದರೆ ಹಿಗ್ಗುತ್ತದೆ. ಬೆಳಿಗ್ಗೆ ಅಳೆದರೆ ಒಂದು ಲೆಕ್ಕ, ಮಧ್ಯಾಹ್ನ ಅಳೆದರೆ ಇನ್ನೊಂದು. ಇದು ಸಣ್ಣ ವಿಷಯ ಅನ್ನಿಸಬಹುದು. ಹಗ್ಗ ಇಪ್ಪತ್ತರಲ್ಲಿ ಒಂದು ಪಾಲು ಕುಗ್ಗಿತು ಎಂದುಕೊಳ್ಳಿ. ಉದ್ದ, ಅಗಲ ಎರಡನ್ನೂ ಅದೇ ಹಗ್ಗದಿಂದ ಅಳೆಯುವುದರಿಂದ 100 ಬಿಘಾ ಜಮೀನು ಕಾಗದದಲ್ಲಿ ಸುಮಾರು 111 ಬಿಘಾ ಆಗುತ್ತದೆ. ಇಲ್ಲದ 11 ಬಿಘಾಕ್ಕೆ ರೈತ ತೆರಿಗೆ ಕಟ್ಟಬೇಕು. ಹೊಸ ಕ್ರಮದಲ್ಲಿ ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಗಳಿಂದ ಜೋಡಿಸಿದರು. ಬಿಸಿಲಿರಲಿ, ಮಂಜಿರಲಿ, ಅಳತೆ ಬದಲಾಗದು. ತೋದರಮಲ್ಲನ ಕಾಲದ ಎಲ್ಲ ಸುಧಾರಣೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಅಳತೆಗೋಲು ಸುಳ್ಳು ಹೇಳಿದರೆ ಮೇಲಿನ ಲೆಕ್ಕ ಎಷ್ಟು ಚೆನ್ನಾಗಿದ್ದರೇನು?

ಭೂಮಿಯನ್ನು ಎಷ್ಟು ಸಲ ಉಳುತ್ತಾರೆ ಎಂಬುದರ ಮೇಲೂ ವಿಂಗಡಿಸಿದರು. ಪ್ರತಿ ವರ್ಷ ಬೆಳೆಯುವುದು ಪೋಲಜ್, ಸ್ವಲ್ಪ ಕಾಲ ಬೀಳು ಬಿಡುವುದು ಪರೌತಿ, ಮೂರು ನಾಲ್ಕು ವರ್ಷ ಬೀಳಾಗಿರುವುದು ಚಚರ್, ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟದ್ದು ಬಂಜರ್. ಕೊನೆಯ ಪದ ನಮ್ಮ ಮನೆಯಲ್ಲಿ ದಿನವೂ ಕೇಳುವಂಥದ್ದು, ಕನ್ನಡದಲ್ಲೂ ಬಂಜರು ಇದೆ. ನನ್ನ ನಾನಾ ಅವರ ಹೊಲದ ಪಹಣಿಯಲ್ಲಿ ಖುಷ್ಕಿ ಎಂದು ಬರೆದಿದೆ. ಉರ್ದುವಿನಲ್ಲಿ ಖುಷ್ಕ್ ಅಂದರೆ ಒಣಗಿದ್ದು, ತರ್ ಅಂದರೆ ಒದ್ದೆ, ಬಾಗ್ ಅಂದರೆ ತೋಟ. ಖುಷ್ಕಿ, ತರಿ, ಬಾಗಾಯ್ತು ಎಂಬ ಕಂದಾಯ ಇಲಾಖೆಯ ಪದಗಳು ನನ್ನ ಗೆಳೆಯರಿಗೆ ಬಾಯಿಪಾಠ, ನನಗೆ ಮನೆಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರಕಾರದ ಪಾಲು ಧಾನ್ಯದಲ್ಲಿ ನಿಗದಿಯಾದರೂ ಕಟ್ಟಬೇಕಾದದ್ದು ಹೆಚ್ಚಾಗಿ ಹಣದಲ್ಲಿ. 4 ಮಣ ಗೋಧಿ ಅಂದರೆ ಎಷ್ಟು ಹಣ? ಅದಕ್ಕೆ ಬೆಲೆ ಗೊತ್ತಿರಬೇಕು. ಪ್ರತಿ ಹಂಗಾಮಿನಲ್ಲೂ ಊರೂರಿನ ಬೆಲೆ ದರ್ಬಾರಿಗೆ ಹೋಗಿ, ಒಪ್ಪಿಗೆಯಾಗಿ ವಾಪಸ್ ಬರಬೇಕಿತ್ತು. ಸಾಮ್ರಾಜ್ಯ ದೊಡ್ಡದಾದಂತೆ ಇದು ತಡವಾಗತೊಡಗಿತು. ಹೆಚ್ಚು ವಸೂಲಿ ಮಾಡಿದರು ಎಂದು ರೈತರ ದೂರು, ಬಾಕಿ ಬರಲಿಲ್ಲ ಎಂದು ಜಾಗೀರುದಾರರ ದೂರು.

ಇದಕ್ಕೆ ಕಂಡುಕೊಂಡ ದಾರಿಯೇ 1580ರ ದಹಸಾಲಾ. ದಹ್ ಅಂದರೆ ಹತ್ತು, ಸಾಲ್ ಅಂದರೆ ವರ್ಷ. ಅಕ್ಬರನ ಆಳ್ವಿಕೆಯ 15ನೇ ವರ್ಷದಿಂದ 24ನೇ ವರ್ಷದವರೆಗಿನ ಲೆಕ್ಕವನ್ನೆಲ್ಲ ಕೂಡಿ, ಅದರ ಹತ್ತನೇ ಒಂದನ್ನು ವರ್ಷದ ನಿಗದಿ ಎಂದು ಇಟ್ಟರು. ಹವೆ ಮತ್ತು ಬೆಲೆ ಒಂದೇ ತೆರನಾಗಿರುವ ಪ್ರದೇಶಗಳನ್ನು ಒಂದು ವಲಯ ಮಾಡಿ, ಒಂದೊಂದು ವಲಯಕ್ಕೆ ಬೆಳೆವಾರು ದರಪಟ್ಟಿ ಕೊಟ್ಟರು. ಇನ್ನು ಪ್ರತಿ ಸಲ ದರ್ಬಾರಿನ ಕಡೆ ನೋಡುವ ಅಗತ್ಯವಿರಲಿಲ್ಲ. ಬಿತ್ತುವಾಗಲೇ ರೈತನಿಗೆ ತಾನೆಷ್ಟು ಕಟ್ಟಬೇಕು ಎಂದು ತಿಳಿಯುತ್ತಿತ್ತು.

ಹತ್ತು ವರ್ಷದ ಅಂಕಿಅಂಶ ಬಂದದ್ದು ಎಲ್ಲಿಂದ? ಕೊನೆಯ ಐದು ವರ್ಷದ್ದು ನಿಜವಾದ ದಾಖಲೆ. 1574–75ರಲ್ಲಿ ಸಾಮ್ರಾಜ್ಯದ ಮುಖ್ಯ ಪ್ರಾಂತ್ಯಗಳ ಜಾಗೀರುಗಳನ್ನು ವಾಪಸ್ ಪಡೆದು, ಒಂದೊಂದು ಕೋಟಿ ಆದಾಯದ ಭಾಗಗಳನ್ನಾಗಿ ಮಾಡಿ, ಕರೋರಿ ಎಂಬ 182 ಅಧಿಕಾರಿಗಳನ್ನು ನೇಮಿಸಿದ್ದರು. ಅವರ ಮೂಲಕ ಲೆಕ್ಕ ಬಂತು. ಮೊದಲ ಐದು ವರ್ಷದ್ದು ಮಾತ್ರ ನಂಬಿಕಸ್ಥರು ಹೇಳಿದ ಲೆಕ್ಕ. ಅಬುಲ್ ಫಜಲ್ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ಅಂದರೆ ಹೆಸರಾದ ಆ ಸರಾಸರಿಯ ಅರ್ಧ ಭಾಗ ಹೊಲದಿಂದ, ಇನ್ನರ್ಧ ನೆನಪಿನಿಂದ.

ಕರೋರಿಗಳ ಕಥೆ ಅಷ್ಟು ಚೆನ್ನಾಗಿಲ್ಲ. ರೈತರು ಹೆಂಡತಿ ಮಕ್ಕಳನ್ನು ಮಾರುವಷ್ಟು ಹಿಂಸೆಯಾಯಿತು ಎಂದು ಅದೇ ಕಾಲದ ಬದಾಯೂನಿ ಬರೆದಿದ್ದಾನೆ. ಮುಂದೆ ತೋದರಮಲ್ಲ ಆ ಕರೋರಿಗಳನ್ನು ಲೆಕ್ಕಕ್ಕೆ ಕರೆದಾಗ ಅನೇಕರು ಸೆರೆಮನೆಯ ಹೊಡೆತಕ್ಕೇ ಸತ್ತರು ಎಂದೂ ಬರೆದಿದ್ದಾನೆ. ಬದಾಯೂನಿಗೆ ಅಕ್ಬರನ ಮೇಲೆ ಸಿಟ್ಟಿತ್ತು, ಅದನ್ನು ಕಳೆದು ಓದಿದರೂ ಅವನು ಹೇಳಿದ್ದೆಲ್ಲ ಕಟ್ಟುಕಥೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. 1580ರಲ್ಲಿ ದಹಸಾಲಾ ಸಿದ್ಧವಾಗುವಾಗ ತೋದರಮಲ್ಲ ಊರಲ್ಲೇ ಇರಲಿಲ್ಲ. ಬಂಗಾಳ, ಬಿಹಾರದ ದಂಗೆ ಅಡಗಿಸಲು ಹೋಗಿ ಮುಂಗೇರ್ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿದ್ದ. ಕೂಡುವ, ಭಾಗಿಸುವ ಕೆಲಸ ನಡೆಸಿದವನು ಅವನ ಜೊತೆಗಾರ ಖ್ವಾಜಾ ಷಾ ಮನ್ಸೂರ್. ಶತ್ರುಗಳೊಡನೆ ಗುಟ್ಟಾಗಿ ಪತ್ರ ಬರೆದ ಆರೋಪದ ಮೇಲೆ ಮರುವರ್ಷ ಮನ್ಸೂರನನ್ನು ಗಲ್ಲಿಗೇರಿಸಿದರು. ಆ ಪತ್ರಗಳು ಖೋಟಾ ಎಂದು ಆಮೇಲೆ ಅನೇಕರು ನಂಬಿದರು. ನಮ್ಮ ಪಾಠಗಳಲ್ಲಿ ಅವನ ಹೆಸರೇ ಇಲ್ಲ. ಯೋಜನೆ ತೋದರಮಲ್ಲನದೂ ಹೌದು, ಆದರೆ ಅಂಕ ಕೊಡುವಾಗ ಇಬ್ಬರಿಗೂ ಹಂಚಬೇಕು.

1582ರಲ್ಲಿ ತೋದರಮಲ್ಲ ದಿವಾನನಾದ. ಸರಕಾರದ ಲೆಕ್ಕಪತ್ರಗಳೆಲ್ಲ ಪರ್ಷಿಯನ್ ಭಾಷೆಯಲ್ಲೇ ಇರಬೇಕು ಎಂಬ ಆಜ್ಞೆ ಅವನದು ಎನ್ನುತ್ತಾರೆ. ಅದುವರೆಗೆ ಹಿಂದಿಯಲ್ಲಿ ಬರೆಯುತ್ತಿದ್ದ ಸಾವಿರಾರು ಗುಮಾಸ್ತರು ಹೊಸ ಭಾಷೆ ಕಲಿಯಬೇಕಾಯಿತು. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಲೆಕ್ಕಶಾಸ್ತ್ರದಲ್ಲಿ ಇಂಗ್ಲಿಷ್ ಎಂದು ಓದುವ ನಮಗೆ ಆ ಗುಮಾಸ್ತರ ಪಾಡು ಸುಲಭವಾಗಿ ಅರ್ಥವಾಗುತ್ತದೆ.

ದಹಸಾಲಾಗೆ ನಿಜವಾದ ಪರೀಕ್ಷೆ ಎದುರಾದದ್ದು ಬರಗಾಲದಲ್ಲಲ್ಲ, ಒಳ್ಳೆಯ ಬೆಳೆಯಲ್ಲಿ. ಬೆಳೆ ಹಾಳಾದ ಜಮೀನನ್ನು ನಾಬೂದ್ ಎಂದು ಬರೆದು ಲೆಕ್ಕದಿಂದ ಕಳೆಯುವ ಪದ್ಧತಿ ಇತ್ತು. ಆದರೆ 1580ರ ದಶಕದ ಮಧ್ಯದಲ್ಲಿ ದಿಲ್ಲಿ, ಅವಧ್, ಅಲಹಾಬಾದ್ ಕಡೆ ಧಾನ್ಯ ಬಹಳ ಅಗ್ಗವಾಯಿತು. ಕಟ್ಟಬೇಕಾದ ಹಣ ಹಳೆಯ ಸರಾಸರಿಯಷ್ಟೇ, ಕೈಗೆ ಬರುವ ಬೆಲೆ ಅದಕ್ಕಿಂತ ಕಡಿಮೆ. ಕಣಜ ತುಂಬಿದ್ದರೂ ತೆರಿಗೆಗೆ ದುಡ್ಡಿಲ್ಲ. ಟೊಮೆಟೊ, ಈರುಳ್ಳಿ ಬೆಳೆದು ರಸ್ತೆಗೆ ಸುರಿಯುವ ಸುದ್ದಿ ಓದುವ ನಮಗೆ ಇದು ಹೊಸದೇನಲ್ಲ. ಕೊನೆಗೆ ಅಕ್ಬರ್ ಆ ಪ್ರಾಂತ್ಯಗಳ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟ. ದರಪಟ್ಟಿಯನ್ನು ಹಿಡಿದುಕೊಂಡು ಕೂರದೆ ಆ ವರ್ಷದ ಬೆಲೆ ನೋಡಿದ್ದು ಸರಿಯಾದ ತೀರ್ಮಾನ.

ಇಂದಿನ ಫಸಲ್ ಬಿಮಾ ಯೋಜನೆಯಲ್ಲೂ ಸರಾಸರಿಯೇ ಆಧಾರ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಇಳುವರಿಯ ಸರಾಸರಿ ತೆಗೆಯುತ್ತಾರೆ. ಹೊಲದಲ್ಲಿ ಚೌಕ ಗುರುತಿಸಿ ಬೆಳೆ ಕಟಾವು ಪ್ರಯೋಗ ಮಾಡಿ, ಈ ವರ್ಷದ ಇಳುವರಿ ಎಷ್ಟು ಕೆಳಗಿದೆ ಎಂದು ನೋಡಿ ಪರಿಹಾರ ಕೊಡುತ್ತಾರೆ. ವ್ಯತ್ಯಾಸ ಗಮನಿಸಿ. ತೋದರಮಲ್ಲನ ಸರಾಸರಿ ಮೇಲೇರಿದರೆ ರೈತನಿಗೆ ನಷ್ಟ, ವಿಮೆಯ ಸರಾಸರಿ ಮೇಲೇರಿದರೆ ರೈತನಿಗೆ ಲಾಭ. ಸೂತ್ರ ಒಂದೇ.

ತೋದರಮಲ್ಲ ತನ್ನ ಧರ್ಮವನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿದ್ದವನು. ಒಮ್ಮೆ ಪ್ರಯಾಣದಲ್ಲಿ ಪೂಜೆಯ ವಿಗ್ರಹಗಳು ಕಳೆದುಹೋದಾಗ ಊಟ, ನಿದ್ದೆ ಎಲ್ಲ ಬಿಟ್ಟನಂತೆ, ಅಕ್ಬರನೇ ಸಮಾಧಾನ ಮಾಡಬೇಕಾಯಿತು. 1589ರಲ್ಲಿ ಕೆಲಸ ಬಿಟ್ಟು ಗಂಗೆಯ ದಡದಲ್ಲಿ ಕೊನೆಯ ದಿನ ಕಳೆಯಲು ಅಪ್ಪಣೆ ಪಡೆದು ಹೊರಟ. ದಾರಿಯಲ್ಲೇ ಬಾದಶಹನ ಕರೆ ಬಂತು, ಹಿಂದಿರುಗಿದ. ಅದೇ ನವೆಂಬರ್‌ನಲ್ಲಿ ಲಾಹೋರಿನಲ್ಲಿ ತೀರಿಕೊಂಡ.

ಅವನ ಪದ್ಧತಿ ದಖ್ಖನ್‌ಗೆ ಬಂದದ್ದು 1650ರ ದಶಕದಲ್ಲಿ, ಔರಂಗಜೇಬ್ ಇಲ್ಲಿ ಸುಬೇದಾರನಾಗಿದ್ದಾಗ, ದಿವಾನ ಮುರ್ಷಿದ್ ಕುಲಿ ಖಾನನ ಕೈಯಿಂದ. ಮುರ್ಷಿದ್ ಕುಲಿ ಅದನ್ನು ಇದ್ದ ಹಾಗೆಯೇ ಹೇರಲಿಲ್ಲ. ಕೆಲವು ಕಡೆ ಹಳೆಯ ರೂಢಿಯಂತೆ ನೇಗಿಲಿಗೆ ಇಷ್ಟು ಎಂದೇ ಬಿಟ್ಟ, ಕೆಲವು ಕಡೆ ಅಳತೆ ಮಾಡಿಸಿದ, ಕೆಲವು ಕಡೆ ಬೆಳೆಯಲ್ಲಿ ಪಾಲು ಇಟ್ಟ. ಪಾಲಿನಲ್ಲೂ ಮಳೆ ನಂಬಿದ ಹೊಲಕ್ಕೆ ಅರ್ಧ, ಬಾವಿ ನೀರಿನ ಹೊಲಕ್ಕೆ ಮೂರನೇ ಒಂದು. ಬಾವಿ ತೋಡುವ, ನೀರೆತ್ತುವ ಖರ್ಚು ರೈತನದು ಎಂಬುದು ಆ ದರದಲ್ಲಿ ಸೇರಿತ್ತು.