ಕ್ರೀಡಾಗುರು ಅಮೋಸ್ ಅಲಾಂಜೊ ಸ್ಟ್ಯಾಗ್

ಆಟೋಟಗಳೆಂದರೆ ಪಾಠಗಳ ನಡುವಣ ವಿರಾಮವೆಂದು ಬಗೆಯುವವರೇ ಬಹುಮಂದಿ. ಅವು ಶಿಕ್ಷಣದ ಅವಿಭಾಜ್ಯ ಅಂಗವೆಂದು ನಂಬಿ, ಆ ನಂಬಿಕೆಗೆ ತಮ್ಮ ದೀರ್ಘಾಯುಷ್ಯವನ್ನೇ ಮುಡಿಪಾಗಿಟ್ಟವರು ಅಮೆರಿಕದ ಕ್ರೀಡಾ ಶಿಕ್ಷಕ ಅಮೋಸ್ ಅಲಾಂಜೊ ಸ್ಟ್ಯಾಗ್. ಅವರ ಜೀವನಚರಿತ್ರೆ ಅಧ್ಯಾಪಕರಿಗೂ ವಿದ್ಯಾಭಿಮಾನಿಗಳಿಗೂ ಮನನಯೋಗ್ಯವಾದುದು.

ಸ್ಟ್ಯಾಗ್ ಅವರು 1862ರ ಆಗಸ್ಟ್ 16ರಂದು ನ್ಯೂಜೆರ್ಸಿ ರಾಜ್ಯದ ವೆಸ್ಟ್ ಆರೆಂಜಿನಲ್ಲಿ ಜನಿಸಿದರು. ತಂದೆ ಪಾದರಕ್ಷೆ ಹೊಲಿದು ಸಂಸಾರ ಸಾಗಿಸುತ್ತಿದ್ದ ಬಡವರು. ಅರೆಹೊಟ್ಟೆ ಉಂಡು ಓದಿದ ಬಾಲಕ ಮುಂದೆ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಧರ್ಮೋಪದೇಶಕನಾಗಬೇಕೆಂಬುದು ಅವರ ಹಂಬಲ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಅವರ ನೈಪುಣ್ಯವನ್ನು ಕಂಡು ವೃತ್ತಿಪರ ತಂಡಗಳು ಹಣದ ಆಸೆ ತೋರಿಸಿದಾಗ ಅವರು ಒಪ್ಪಲಿಲ್ಲ. 1889ರಲ್ಲಿ ಪ್ರಥಮ ಬಾರಿಗೆ ಆರಿಸಲಾದ ಅಖಿಲ ಅಮೆರಿಕ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಿತು. ಆದರೆ ವೇದಿಕೆಯ ಮೇಲೆ ನಿಂತು ಮಾತನಾಡುವ ಶಕ್ತಿ ತಮಗಿಲ್ಲವೆಂದು ಅರಿತು, ಕ್ರೀಡಾಂಗಣವನ್ನೇ ತಮ್ಮ ಸೇವಾಕ್ಷೇತ್ರವನ್ನಾಗಿ ಮಾಡಿಕೊಂಡರು.

1890ರಲ್ಲಿ ಅವರು ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಬಂದರು. ಮರುವರ್ಷ ಅಲ್ಲಿಯೇ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. 1892ರ ಮಾರ್ಚ್ 11ರಂದು ನಡೆದ ಅದರ ಮೊದಲ ಸಾರ್ವಜನಿಕ ಪಂದ್ಯದಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ 5-1ರಿಂದ ಸೋತರು. ಅಧ್ಯಾಪಕರ ಆ ಒಂದೇ ಅಂಕ ಸ್ಟ್ಯಾಗ್ ಅವರದು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಎಚ್. ಸಿ. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದುದನ್ನು ಇಲ್ಲಿ ಸ್ಮರಿಸಬಹುದು.

1892ರಲ್ಲಿ ಹೊಸದಾಗಿ ಆರಂಭವಾದ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಅದರ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರು ಸ್ಟ್ಯಾಗ್ ಅವರನ್ನು ಬರಮಾಡಿಕೊಂಡರು. ಹಾರ್ಪರ್ ಯೇಲ್‌ನಲ್ಲಿ ಅವರ ಗುರುಗಳಾಗಿದ್ದವರು. ಕ್ರೀಡಾ ಶಿಕ್ಷಕರಿಗೆ ಇತರ ಪ್ರಾಧ್ಯಾಪಕರಿಗೆ ಸಮನಾದ ಖಾಯಂ ಸ್ಥಾನ ದೊರೆತದ್ದು ಅಂದಿಗೆ ಅಪೂರ್ವವಾಗಿತ್ತು. ಫುಟ್‌ಬಾಲ್, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಓಟ-ಜಿಗಿತಗಳು ಎಲ್ಲಕ್ಕೂ ಅವರೇ ಶಿಕ್ಷಕರು. ಮೊದಲ ವರ್ಷ ಆಟಗಾರರ ಕೊರತೆಯಿಂದ ತಾವೇ ತಂಡದಲ್ಲಿ ಆಡಿದ್ದೂ ಉಂಟು. 1896ರಲ್ಲಿ ಅವರ ಬಾಸ್ಕೆಟ್‌ಬಾಲ್ ತಂಡ ಐವರೈವರ ಪಂದ್ಯದಲ್ಲಿ ಅಯೋವಾ ತಂಡವನ್ನು 15-12ರಿಂದ ಸೋಲಿಸಿತು. ಅವರ ಫುಟ್‌ಬಾಲ್ ತಂಡ ಪಶ್ಚಿಮ ವಿಶ್ವವಿದ್ಯಾನಿಲಯಗಳ ಒಕ್ಕೂಟದಲ್ಲಿ ಏಳು ಬಾರಿ ಅಗ್ರಸ್ಥಾನ ಪಡೆಯಿತು. 1905ರಲ್ಲಿ ಬಲಾಢ್ಯ ಮಿಷಿಗನ್ ತಂಡವನ್ನು 2-0ರಿಂದ ಮಣಿಸಿದ ಪಂದ್ಯ ಚಿರಸ್ಮರಣೀಯವಾದುದು. ಧೂಮಪಾನ, ಮದ್ಯಪಾನಗಳನ್ನು ಅವರು ಸಹಿಸುತ್ತಿರಲಿಲ್ಲ. ಪತ್ನಿ ಸ್ಟೆಲ್ಲಾ ಅವರು ಪತಿಯ ಕಾರ್ಯದಲ್ಲಿ ಸದಾ ಸಹಭಾಗಿಗಳು.

ಕೀರ್ತಿಯೊಡನೆ ಟೀಕೆಯೂ ಬೆಳೆಯಿತು. ಪಂದ್ಯಗಳ ವೈಭವ ವಿದ್ಯೆಯನ್ನೇ ಹಿಂದಿಕ್ಕುತ್ತಿದೆಯೆಂಬ ಆಕ್ಷೇಪ ಕೇಳಿಬಂದಿತು, ಅದು ನಿರಾಧಾರವೆನ್ನಲಾಗದು. ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬ ನಿಯಮದಂತೆ ನಾಲ್ಕು ದಶಕಗಳ ಅವರ ಸೇವೆ ಕೊನೆಗೊಂಡಿತು. ವಿಶ್ವವಿದ್ಯಾನಿಲಯ ಬೇರೊಂದು ಹುದ್ದೆ ಕೊಡಲು ಮುಂದಾದರೂ, ಆಟಗಾರರಿಂದ ದೂರವಾಗಿ ಗೌರವಸ್ಥಾನದಲ್ಲಿ ಕುಳಿತಿರಲು ಅವರ ಮನಸ್ಸು ಒಪ್ಪಲಿಲ್ಲ. 1933ರಲ್ಲಿ ಅವರು ಕ್ಯಾಲಿಫೋರ್ನಿಯದ ಸ್ಟಾಕ್ಟನ್ ನಗರದ ಪೆಸಿಫಿಕ್ ಕಾಲೇಜೆಂಬ ಚಿಕ್ಕ ಸಂಸ್ಥೆಯನ್ನು ಸೇರಿ, ಮೊದಲಿನಿಂದ ಕೆಲಸ ಆರಂಭಿಸಿದರು.

ಇತ್ತ ಷಿಕಾಗೊ 1939ರಲ್ಲಿ ಫುಟ್‌ಬಾಲನ್ನು ಕೈಬಿಟ್ಟಿತು. ಸ್ಟ್ಯಾಗ್ ಹೆಸರಿನ ಕ್ರೀಡಾಂಗಣದ ಪ್ರೇಕ್ಷಕರ ಅಟ್ಟಣೆಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಅವರ ತಂಡ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಸಾಧಿಸಿತು. ಮರುವರ್ಷವೇ, ಎಂಬತ್ತೊಂದರ ವೃದ್ಧ ಸ್ಟ್ಯಾಗ್ ವರ್ಷದ ಶ್ರೇಷ್ಠ ಫುಟ್‌ಬಾಲ್ ಶಿಕ್ಷಕರೆಂಬ ಗೌರವಕ್ಕೆ ಪಾತ್ರರಾದರು!

1946ರ ಅನಂತರ ಅವರು ಪೆನ್ಸಿಲ್ವೇನಿಯದ ಸಸ್ಕ್ವೆಹಾನಾ ವಿಶ್ವವಿದ್ಯಾನಿಲಯದಲ್ಲಿ ತಮ್ಮ ಮಗನಿಗೆ ಸಹಾಯಕರಾಗಿ ದುಡಿದರು. ತೊಂಬತ್ತು ದಾಟಿದ ಮೇಲೂ ಸ್ಟಾಕ್ಟನ್ನಿಗೆ ಹಿಂದಿರುಗಿ ಎಳೆಯರಿಗೆ ಚೆಂಡು ಒದೆಯುವುದನ್ನು ಕಲಿಸಿದರು. 1965ರ ಮಾರ್ಚ್ 17ರಂದು, ನೂರೆರಡನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು. ಹುದ್ದೆಗೆ ನಿವೃತ್ತಿಯುಂಟು, ಗುರುತ್ವಕ್ಕಿಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.